ಎನ್‌ಕೋಡರ್‌ಗೆ ಕಾಣದ ಬಾಗು: ದೊಡ್ಡ ರೇಡಾರ್ ಆಂಟೆನಾದ ರಚನಾ ವಿರೂಪವನ್ನು ಅಳೆಯುವ ಕ್ರಮ

ದೊಡ್ಡ ರೇಡಾರ್ ಆಂಟೆನಾ ಈ ಕ್ಷಣ ಎತ್ತ ನೋಡುತ್ತಿದೆ ಎಂಬುದನ್ನು ನಿಯಂತ್ರಣ ಕೊಠಡಿಯ ಪರದೆ ಡಿಗ್ರಿಯ ಮೂರು ನಾಲ್ಕು ದಶಾಂಶಗಳವರೆಗೆ ತೋರಿಸುತ್ತಿರುತ್ತದೆ. ಆ ಅಂಕಿ ಬರುವುದು ಅಕ್ಷಕ್ಕೆ ಜೋಡಿಸಿದ ಎನ್‌ಕೋಡರ್‌ನಿಂದ. 20 ಬಿಟ್‌ನ ಎನ್‌ಕೋಡರ್ ಒಂದು ಪೂರ್ಣ ಸುತ್ತನ್ನು 10 ಲಕ್ಷಕ್ಕೂ ಹೆಚ್ಚು ಭಾಗ ಮಾಡುವುದರಿಂದ ಅದರ ಒಂದು ಹೆಜ್ಜೆ ಸುಮಾರು 1.24 ಆರ್ಕ್‌ಸೆಕೆಂಡ್ ಆಗುತ್ತದೆ (ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ನೆಯ ಒಂದು ಭಾಗ). ಇಷ್ಟು ಸೂಕ್ಷ್ಮವಾದ ಅಂಕಿಯನ್ನು ಕಂಡವರಿಗೆ ಆಂಟೆನಾ ಕೂಡ ಅಷ್ಟೇ ನಿಖರವಾಗಿ ಗುರಿಯ ಕಡೆಗಿದೆ ಎಂದು ನಂಬಿಕೆ ಹುಟ್ಟುವುದು ಸಹಜ. ಆದರೆ ಎನ್‌ಕೋಡರ್‌ಗೆ ಗೊತ್ತಿರುವುದು ತಾನು ಕುಳಿತ ಅಕ್ಷ ಎಷ್ಟು ತಿರುಗಿದೆ ಎಂಬುದಷ್ಟೇ. ಆ ಅಕ್ಷದಿಂದ ಆಚೆಗೆ ಉಕ್ಕಿನ ಜಂತಿಗಳು, ತಟ್ಟೆಯ ಪ್ಯಾನೆಲ್‌ಗಳು, ತಟ್ಟೆಯ ಎದುರಿನ ಸಣ್ಣ ಕನ್ನಡಿಯಾದ ಉಪಪ್ರತಿಫಲಕವನ್ನು ಹೊತ್ತ ಕಾಲುಗಳು ತಮ್ಮ ಭಾರಕ್ಕೆ ತಾವೇ ಬಾಗುತ್ತವೆ, ಬಿಸಿಲಿಗೆ ಹಿಗ್ಗುತ್ತವೆ, ಗಾಳಿಗೆ ನಡುಗುತ್ತವೆ. ಅಕ್ಷದಿಂದ ಈಚೆಗೆ ಗೋಪುರ ವಾಲುತ್ತದೆ, ಆಂಟೆನಾ ಸುತ್ತುವ ಹಳಿ ಏರಿಳಿಯುತ್ತದೆ. ಇವುಗಳಲ್ಲಿ ಯಾವುದೂ ಪರದೆಯ ಅಂಕಿಯಲ್ಲಿ ಕಾಣಿಸುವುದಿಲ್ಲ.

ಗುರಿ ಕಿರಣದ ನಡುವಿನಿಂದ ಎಷ್ಟು ಸರಿದಿದೆ ಎಂದು ಒಂದೇ ಸ್ಪಂದನದಿಂದ ಅರಿಯುವ ಮಾನೋಪಲ್ಸ್ ರೇಡಾರ್ ಗುರಿಯನ್ನು ತಾನಾಗಿಯೇ ಹಿಂಬಾಲಿಸುತ್ತದಲ್ಲ, ಹಾಗಿರುವಾಗ ಈ ಬಾಗುವಿಕೆಯ ಚಿಂತೆ ಏಕೆ ಎಂದು ಕೆಲವರು ಕೇಳುವುದುಂಟು. ಗುರಿಯನ್ನು ಕಿರಣದ ನಡುವೆ ಹಿಡಿದಿಟ್ಟುಕೊಳ್ಳುವುದು ಬೇರೆ ಕೆಲಸ, ಗುರಿ ಆಕಾಶದಲ್ಲಿ ಎಲ್ಲಿದೆ ಎಂದು ಹೇಳುವುದು ಬೇರೆ ಕೆಲಸ. ಮಾನೋಪಲ್ಸ್ ಮೊದಲನೆಯದನ್ನು ಚೆನ್ನಾಗಿ ಮಾಡುತ್ತದೆ. ಎರಡನೆಯದಕ್ಕೆ ರೇಡಾರ್ ಮತ್ತೆ ಎನ್‌ಕೋಡರ್‌ನ ಅಂಕಿಗೇ ಮೊರೆಹೋಗುತ್ತದೆ. ರಚನೆ 10 ಆರ್ಕ್‌ಸೆಕೆಂಡ್ ಬಾಗಿದ್ದರೆ ಬೀಗ ಹಾಕಿದಂತೆ ಹಿಡಿದ ಗುರಿಯ ಸ್ಥಾನವೂ 10 ಆರ್ಕ್‌ಸೆಕೆಂಡ್ ತಪ್ಪಾಗಿಯೇ ದಾಖಲಾಗುತ್ತದೆ. 1,000 ಕಿಲೋಮೀಟರ್ ದೂರದಲ್ಲಿ ಅದು ಸುಮಾರು 48 ಮೀಟರ್.

ಈ ಲೇಖನದಲ್ಲಿ ವಿವರಿಸುವ ಕ್ರಮ ಯಾಂತ್ರಿಕವಾಗಿ ತಿರುಗುವ, ತಟ್ಟೆಯಾಕಾರದ ದೊಡ್ಡ ಆಂಟೆನಾಗಳಿಗೆ ಸಂಬಂಧಿಸಿದ್ದು. ಆಂಟೆನಾವನ್ನು ತಿರುಗಿಸದೆ ಕಿರಣವನ್ನು ಮಾತ್ರ ತಿರುಗಿಸುವ ಹಂತ ನಿಯಂತ್ರಿತ ವ್ಯೂಹಗಳ (ಫೇಸ್ಡ್ ಅರೇ) ಸಮಸ್ಯೆಗಳು ಬೇರೆಯೇ ಆಗಿರುವುದರಿಂದ ಅವನ್ನು ಇಲ್ಲಿ ಎತ್ತಿಕೊಂಡಿಲ್ಲ. ಲೆಕ್ಕಗಳಿಗೆ 32 ಮೀಟರ್ ವ್ಯಾಸವನ್ನು ಆರಿಸಿಕೊಂಡಿದ್ದೇನೆ. ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ, 2008ರ ಚಂದ್ರಯಾನ-1ರ ಹೊತ್ತಿಗೆ ಸಿದ್ಧವಾದ ಇಸ್ರೋದ ದೊಡ್ಡ ಆಂಟೆನಾದ ವ್ಯಾಸವೂ ಇಷ್ಟೇ. ಅದು ರೇಡಾರ್ ಅಲ್ಲ, ದೂರದ ನೌಕೆಗಳೊಡನೆ ಮಾತನಾಡುವ ಆಂಟೆನಾ. ಆದರೆ ಗುರುತ್ವ ಮತ್ತು ಬಿಸಿಲು ಈ ಭೇದವನ್ನು ಎಣಿಸುವುದಿಲ್ಲವಾದ್ದರಿಂದ ಉದಾಹರಣೆಗೆ ಅಡ್ಡಿಯಿಲ್ಲ.

ಮೊದಲ ಹೆಜ್ಜೆ: ಎಷ್ಟು ನಿಖರತೆ ಬೇಕು ಎಂದು ಲೆಕ್ಕ ಹಾಕುವುದು

ಉಪಕರಣಗಳ ಪೆಟ್ಟಿಗೆ ತೆರೆಯುವ ಮುನ್ನ ಕಾಗದದ ಮೇಲೆ ಎರಡು ಲೆಕ್ಕ ಮಾಡಬೇಕು. ಮೊದಲನೆಯದು ಕಿರಣದ ಅಗಲ. ತರಂಗದೂರವನ್ನು ವ್ಯಾಸದಿಂದ ಭಾಗಿಸಿ 70ರಿಂದ ಗುಣಿಸಿದರೆ ಅರ್ಧಶಕ್ತಿಯ ಅಗಲ ಸ್ಥೂಲವಾಗಿ ಡಿಗ್ರಿಗಳಲ್ಲಿ ಸಿಗುತ್ತದೆ. 8.4 ಗಿಗಾಹರ್ಟ್ಸ್‌ನಲ್ಲಿ ತರಂಗದೂರ 35.7 ಮಿಲಿಮೀಟರ್ ಆಗಿರುವುದರಿಂದ 32 ಮೀಟರ್ ತಟ್ಟೆಯ ಕಿರಣ 0.078 ಡಿಗ್ರಿ, ಅಂದರೆ ಸುಮಾರು 280 ಆರ್ಕ್‌ಸೆಕೆಂಡ್ ಅಗಲವಿರುತ್ತದೆ. ಅದೇ ತಟ್ಟೆಯನ್ನು 32 ಗಿಗಾಹರ್ಟ್ಸ್‌ನಲ್ಲಿ ಬಳಸಿದರೆ ಅಗಲ 74 ಆರ್ಕ್‌ಸೆಕೆಂಡ್‌ಗೆ ಇಳಿಯುತ್ತದೆ. ಒಟ್ಟು ತಪ್ಪು ಕಿರಣದ ಹತ್ತನೆಯ ಒಂದು ಭಾಗವನ್ನು ಮೀರಬಾರದು ಎಂಬ ವಾಡಿಕೆಯ ನಿಯಮವನ್ನು ಹಿಡಿದರೆ ಮೊದಲ ಸಂದರ್ಭದಲ್ಲಿ 28, ಎರಡನೆಯದರಲ್ಲಿ 7 ಆರ್ಕ್‌ಸೆಕೆಂಡ್‌ಗಳಷ್ಟೇ ನಮ್ಮ ಕೈಯಲ್ಲಿರುವ ಬಂಡವಾಳ. ಗುರುತ್ವ, ಶಾಖ, ಗಾಳಿ, ಹಳಿ, ಆಂಟೆನಾವನ್ನು ತಿರುಗಿಸುವ ಸರ್ವೋ ಎಲ್ಲವೂ ಇದರಲ್ಲೇ ಪಾಲು ಕೇಳುತ್ತವೆ.

ಎರಡನೆಯದು ಮೇಲ್ಮೈಯ ಒರಟುತನದಿಂದ ಆಗುವ ನಷ್ಟ. ಇದಕ್ಕೆ ಆಂಟೆನಾ ಎಂಜಿನಿಯರ್ ಜಾನ್ ರೂಜ್ ಅವರ ಸೂತ್ರವನ್ನು ಎಲ್ಲರೂ ಬಳಸುತ್ತಾರೆ: ಮೇಲ್ಮೈಯ ಆರ್‌ಎಂಎಸ್ ದೋಷವನ್ನು (ಏರುತಗ್ಗುಗಳ ವರ್ಗಗಳ ಸರಾಸರಿಯ ವರ್ಗಮೂಲ) ತರಂಗದೂರದಿಂದ ಭಾಗಿಸಿ, ವರ್ಗ ಮಾಡಿ, 686ರಿಂದ ಗುಣಿಸಿದರೆ ಗಳಿಕೆಯ (ಗೇನ್) ನಷ್ಟ ಡೆಸಿಬೆಲ್‌ನಲ್ಲಿ ದೊರೆಯುತ್ತದೆ. ಅರ್ಧ ಮಿಲಿಮೀಟರ್ ದೋಷವಿದ್ದರೆ 8.4 ಗಿಗಾಹರ್ಟ್ಸ್‌ನಲ್ಲಿ 0.13 ಡೆಸಿಬೆಲ್ ಮಾತ್ರ ಹೋಗುತ್ತದೆ, ಯಾರೂ ಗಮನಿಸುವುದಿಲ್ಲ. 32 ಗಿಗಾಹರ್ಟ್ಸ್‌ನಲ್ಲಿ ಅದೇ ಅರ್ಧ ಮಿಲಿಮೀಟರ್ 1.95 ಡೆಸಿಬೆಲ್ ತಿನ್ನುತ್ತದೆ. ಒಂದೇ ತಟ್ಟೆ ಕಳುಹಿಸುವುದಕ್ಕೂ ಪಡೆಯುವುದಕ್ಕೂ ಬಳಕೆಯಾಗುವ ರೇಡಾರ್‌ನಲ್ಲಿ ಈ ನಷ್ಟ ಎರಡು ಸಲ ಬೀಳುತ್ತದೆ ಎಂಬುದನ್ನು ಮರೆಯಬಾರದು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿರುವ ಹೇಸ್ಟಾಕ್‌ನ 37 ಮೀಟರ್ ರೇಡಾರ್ ಆಂಟೆನಾವನ್ನು 92ರಿಂದ 100 ಗಿಗಾಹರ್ಟ್ಸ್ ಪಟ್ಟಿಗೆ ಏರಿಸಿದಾಗ ಮೇಲ್ಮೈಯನ್ನು 0.1 ಮಿಲಿಮೀಟರ್ ಮಟ್ಟಕ್ಕೆ ತರಬೇಕಾಗಿ ಬಂದದ್ದೂ, ಅದಕ್ಕಾಗಿ ತಟ್ಟೆಯನ್ನೇ ಹೊಸದಾಗಿ ಕಟ್ಟಬೇಕಾಗಿ ಬಂದದ್ದೂ ಈ ಲೆಕ್ಕದ ದೆಸೆಯಿಂದಲೇ.

ಎರಡನೆಯ ಹೆಜ್ಜೆ: ವಿರೂಪಗಳನ್ನು ಕಾಲದ ಪ್ರಕಾರ ಬೇರ್ಪಡಿಸುವುದು

ಇಡೀ ಕೆಲಸದ ಯಶಸ್ಸು ಈ ಹೆಜ್ಜೆಯ ಮೇಲೆ ನಿಂತಿದೆ ಎಂಬುದು ನನ್ನ ಅಭಿಪ್ರಾಯ, ಮತ್ತು ಹೆಚ್ಚಿನವರು ಹಾರಿ ಹೋಗುವುದೂ ಇದನ್ನೇ. ವಿರೂಪವನ್ನು ಅದು ಎಲ್ಲಿ ಆಗುತ್ತದೆ ಎಂಬುದಕ್ಕಿಂತ ಅದು ಎಷ್ಟು ಹೊತ್ತಿನಲ್ಲಿ ಬದಲಾಗುತ್ತದೆ, ಮತ್ತೆ ಅದೇ ಸ್ಥಿತಿಗೆ ಬಂದರೆ ಅಷ್ಟೇ ಆಗುತ್ತದೆಯೇ ಎಂಬುದರ ಮೇಲೆ ವಿಂಗಡಿಸಬೇಕು. ಗುರುತ್ವದಿಂದಾಗುವ ಬಾಗು ಎಲಿವೇಷನ್ ಕೋನವೊಂದನ್ನೇ, ಅಂದರೆ ದಿಗಂತದಿಂದ ಮೇಲಿನ ಕೋನವನ್ನೇ ಅವಲಂಬಿಸುತ್ತದೆ. ಇಂದು 30 ಡಿಗ್ರಿಯಲ್ಲಿ ಎಷ್ಟಿದೆಯೋ ಮುಂದಿನ ವರ್ಷವೂ 30 ಡಿಗ್ರಿಯಲ್ಲಿ ಅಷ್ಟೇ ಇರುತ್ತದೆ. ಹಳಿಯ ಏರಿಳಿತ ಮತ್ತು ಅಜಿಮತ್ ಅಕ್ಷದ ವಾಲು ಅಜಿಮತ್ ಕೋನವನ್ನು (ಸುತ್ತಲಿನ ದಿಕ್ಕಿನ ಕೋನ) ಅವಲಂಬಿಸಿ, ತಿಂಗಳುಗಟ್ಟಲೆ ಸ್ಥಿರವಾಗಿರುತ್ತವೆ. ಇವನ್ನು ಒಮ್ಮೆ ಸರಿಯಾಗಿ ಅಳೆದು ಕೋಷ್ಟಕದಲ್ಲಿ ಬರೆದಿಟ್ಟರೆ ಕೆಲಸ ಮುಗಿಯಿತು. ಶಾಖದ ವಿರೂಪ ಗಂಟೆಗಳಲ್ಲಿ ಬದಲಾಗುತ್ತದೆ, ದಿನದಿಂದ ದಿನಕ್ಕೆ ಭಿನ್ನವಾಗಿರುತ್ತದೆ. ಅದಕ್ಕೆ ಕೋಷ್ಟಕ ಸಾಲದು, ಆಗಿಂದಾಗ ಅಳೆಯುವ ಸಂವೇದಕಗಳು ಬೇಕು. ಗಾಳಿಯ ಪರಿಣಾಮ ಸೆಕೆಂಡುಗಳ ಲೆಕ್ಕದ್ದು.

ಮರುಕಳಿಸುವ ವಿರೂಪವನ್ನೂ ಮರುಕಳಿಸದ ವಿರೂಪವನ್ನೂ ಒಂದೇ ಸೂತ್ರದಲ್ಲಿ ಕಟ್ಟಿಹಾಕಲು ಹೊರಟರೆ ಮಧ್ಯಾಹ್ನದ ಬಿಸಿಲಿನ ಪರಿಣಾಮ ಗುರುತ್ವದ ಗುಣಾಂಕದೊಳಗೆ ನುಸುಳಿಕೊಂಡು, ರಾತ್ರಿ ಹೊತ್ತು ತಪ್ಪು ತಿದ್ದುಪಡಿಯಾಗಿ ಹೊರಬರುತ್ತದೆ.

ಮೂರನೆಯ ಹೆಜ್ಜೆ: ಬುಡ ಮತ್ತು ಅಕ್ಷಗಳು

ಅಳತೆಯನ್ನು ಕೆಳಗಿನಿಂದ ಮೇಲಕ್ಕೆ ಮಾಡುತ್ತ ಹೋಗುವುದು ಒಳ್ಳೆಯದು. ಬುಡದ ವಾಲು ಗೊತ್ತಿಲ್ಲದೆ ತಲೆಯ ವಾಲಿನ ಅರ್ಥ ಆಗುವುದಿಲ್ಲ. ಇಲ್ಲಿ ಬೇಕಾಗುವುದು ಎರಡು ದಿಕ್ಕುಗಳಲ್ಲಿ ವಾಲನ್ನು ತೋರಿಸುವ ಟಿಲ್ಟ್‌ಮೀಟರ್. ಅದನ್ನು ಅಜಿಮತ್ ಅಕ್ಷದೊಡನೆ ತಿರುಗುವ ಭಾಗದ ಮೇಲೆ, ಸಾಧ್ಯವಾದಷ್ಟು ಅಕ್ಷದ ಹತ್ತಿರ, ಮೋಟರು ಮತ್ತು ಗೇರ್‌ಬಾಕ್ಸ್‌ಗಳ ಕಂಪನದಿಂದ ದೂರ ಗಟ್ಟಿಯಾಗಿ ಬಿಗಿಯಬೇಕು. ಅಕ್ಷದಿಂದ ದೂರ ಇಟ್ಟರೆ ಚಲಿಸುವಾಗಿನ ಕೇಂದ್ರಾಪಗಾಮಿ ಬಲವೂ ವಾಲಿನಂತೆಯೇ ತೋರುತ್ತದೆ.

ಗಾಳಿ ಇಲ್ಲದ ರಾತ್ರಿಯಲ್ಲಿ, ಸೂರ್ಯ ಮುಳುಗಿ ಮೂರು ನಾಲ್ಕು ಗಂಟೆ ಕಳೆದ ಮೇಲೆ ಕೆಲಸ ಆರಂಭಿಸಬೇಕು. ಆಂಟೆನಾವನ್ನು ಒಂದೇ ಎಲಿವೇಷನ್‌ನಲ್ಲಿ ನಿಲ್ಲಿಸಿ, ಅಜಿಮತ್‌ನಲ್ಲಿ 15 ಡಿಗ್ರಿಗೊಮ್ಮೆ ನಿಲ್ಲಿಸುತ್ತ ಪೂರ್ತಿ ಸುತ್ತು ತಿರುಗಿಸಿದರೆ 24 ಸ್ಥಾನಗಳಾಗುತ್ತವೆ. ಪ್ರತಿ ಸ್ಥಾನದಲ್ಲಿ ಬ್ರೇಕು ಹಾಕಿದ ಬಳಿಕ ಟಿಲ್ಟ್‌ಮೀಟರಿನ ಅಂಕಿ ಓಲಾಡಿ ನಿಲ್ಲಲು ಒಂದು ನಿಮಿಷವಾದರೂ ಕಾಯಬೇಕು. ಅನಂತರ ಅರ್ಧ ನಿಮಿಷದ ಸರಾಸರಿಯನ್ನು ಬರೆದುಕೊಳ್ಳಬೇಕು. ಸುತ್ತು ಮುಗಿದ ಮೇಲೆ ಅದೇ ಸ್ಥಾನಗಳನ್ನು ಹಿಮ್ಮುಖವಾಗಿ ಮತ್ತೊಮ್ಮೆ ಮುಟ್ಟಬೇಕು. ಎರಡು ಸುತ್ತಿನ ನಡುವೆ ವ್ಯತ್ಯಾಸ ಕಂಡರೆ ಅದು ಬೇರಿಂಗಿನ ಹಿಡಿತದಿಂದಲೋ ಉಪಕರಣದ ಜಾರುವಿಕೆಯಿಂದಲೋ ಬಂದದ್ದು. ಯಾವುದರಿಂದ ಎಂಬುದು ಮೊದಲ ಸ್ಥಾನಕ್ಕೆ ಮತ್ತೆ ಬಂದು ನೋಡಿದರೆ ತಿಳಿಯುತ್ತದೆ.

ಈ ಅಂಕಿಗಳನ್ನು ಅಜಿಮತ್ ಕೋನದ ಎದುರು ಗುರುತಿಸಿದಾಗ ಸಾಮಾನ್ಯವಾಗಿ ಸೊಗಸಾದ ಒಂದು ಅಲೆ ಮೂಡುತ್ತದೆ. ಅದಕ್ಕೆ ಸೈನ್ ಮತ್ತು ಕೊಸೈನ್ ಪದಗಳನ್ನು ಹೊಂದಿಸಿದರೆ ಸ್ಥಿರಾಂಕ ಉಪಕರಣದ ಸ್ವಂತ ಸೊನ್ನೆದೋಷವನ್ನೂ, ಸುತ್ತಿಗೆ ಒಮ್ಮೆ ಬರುವ ಅಲೆ ಅಕ್ಷದ ವಾಲು ಎಷ್ಟು ಮತ್ತು ಯಾವ ದಿಕ್ಕಿಗೆ ಎಂಬುದನ್ನೂ, ಸುತ್ತಿಗೆ ಎರಡು ಅಥವಾ ಹೆಚ್ಚು ಸಲ ಬರುವ ಅಲೆಗಳು ಬೇರಿಂಗ್ ಅಥವಾ ಹಳಿಯ ಸೊಟ್ಟತನವನ್ನೂ ಹೇಳುತ್ತವೆ. ಚಕ್ರಗಳ ಮೇಲೆ ಸುತ್ತುವ ಆಂಟೆನಾಗಳಲ್ಲಿ ಹಳಿಯ ತುಂಡುಗಳು ಕೂಡುವ ಕಡೆ ಮೊನಚಾದ ಜಿಗಿತಗಳೂ ಕಾಣುತ್ತವೆ. ಅಲ್ಲಿ 15 ಡಿಗ್ರಿಯ ಹೆಜ್ಜೆ ಸಾಲದು, ಅರ್ಧ ಡಿಗ್ರಿಗೊಮ್ಮೆ ಅಳೆಯಬೇಕು. 20 ಮೀಟರ್ ವ್ಯಾಸದ ಹಳಿಯಲ್ಲಿ ಒಂದು ಬದಿ 0.2 ಮಿಲಿಮೀಟರ್ ಏರಿದರೆ ಇಡೀ ರಚನೆ 2 ಆರ್ಕ್‌ಸೆಕೆಂಡ್ ವಾಲುತ್ತದೆ. ಎರಡು ಪೋಸ್ಟ್‌ಕಾರ್ಡಿನ ದಪ್ಪವೂ ಇಲ್ಲದ ಏರಿಳಿತ ಅದು.

ಒಂದು ಎಚ್ಚರಿಕೆ. ನಾನು ಜೊತೆಗಿದ್ದ ತಂಡವೊಂದು ಟಿಲ್ಟ್‌ಮೀಟರಿನಲ್ಲಿ ದಿನಕ್ಕೊಮ್ಮೆ ಏರಿಳಿಯುವ ವಾಲನ್ನು ಕಂಡು, ಅಡಿಪಾಯವೇ ಕದಲುತ್ತಿದೆ ಎಂದು ಒಂದು ವಾರ ತಲೆಕೆಡಿಸಿಕೊಂಡಿತ್ತು. ಕೊನೆಗೆ ನೋಡಿದರೆ ಉಪಕರಣವನ್ನು ಬಿಗಿದಿದ್ದ ಅಲ್ಯೂಮಿನಿಯಂ ಪಟ್ಟಿಯ ಮೇಲೆ ತೆರೆದ ಬಾಗಿಲಿನಿಂದ ಬೆಳಿಗ್ಗೆ ಎರಡು ಗಂಟೆ ಬಿಸಿಲು ಬೀಳುತ್ತಿತ್ತು. ಅಂದಿನಿಂದ ಟಿಲ್ಟ್‌ಮೀಟರ್ ಇಟ್ಟಲ್ಲೆಲ್ಲ ಅದರ ಪಕ್ಕದಲ್ಲೊಂದು ತಾಪಮಾಪಕವನ್ನು ಇಡುವುದು ರೂಢಿಯಾಯಿತು.

ವಾಲುವ ರಚನೆಯನ್ನೇ ನಂಬದೆ ಬೇರೆಯೇ ಆಧಾರವನ್ನು ಕಟ್ಟಿಕೊಳ್ಳುವ ದಾರಿಯೂ ಇದೆ. ಆಸ್ಟ್ರೇಲಿಯಾದ ಪಾರ್ಕ್ಸ್‌ನಲ್ಲಿ 1961ರಲ್ಲಿ ಆರಂಭವಾದ 64 ಮೀಟರ್ ರೇಡಿಯೊ ದೂರದರ್ಶಕದ ನಡುವೆ ಆಂಟೆನಾವನ್ನು ಮುಟ್ಟದೆ ನಿಂತ ಪ್ರತ್ಯೇಕ ಗೋಪುರವೊಂದಿದ್ದು, ಅದರ ತುದಿಯ ಪುಟ್ಟ ‘ಮಾಸ್ಟರ್ ಈಕ್ವೆಟೋರಿಯಲ್’ ಉಪಕರಣ ಮೊದಲು ಗುರಿಯ ಕಡೆ ತಿರುಗುತ್ತದೆ. ದೊಡ್ಡ ತಟ್ಟೆ ಬೆಳಕಿನ ಕಿರಣದ ಮೂಲಕ ಅದನ್ನು ಅನುಸರಿಸುತ್ತದೆ. ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್‌ನಲ್ಲಿ 1966ರಲ್ಲಿ 64 ಮೀಟರ್‌ನದಾಗಿ ಆರಂಭವಾಗಿ 1988ರಲ್ಲಿ 70 ಮೀಟರ್‌ಗೆ ಹಿಗ್ಗಿದ, ಗ್ರಹಗಳನ್ನೂ ಕ್ಷುದ್ರಗ್ರಹಗಳನ್ನೂ ನೋಡುವ ರೇಡಾರ್ ಆಂಟೆನಾದಲ್ಲಿಯೂ ಇದೇ ಉಪಾಯವಿದೆ. ಕಟ್ಟುವಾಗಲೇ ಯೋಚಿಸಿದ್ದರೆ ಇದಕ್ಕಿಂತ ಒಳ್ಳೆಯದಿಲ್ಲ. ಕಟ್ಟಿ ನಿಂತ ಆಂಟೆನಾಕ್ಕೆ ಆಮೇಲೆ ಸೇರಿಸಲು ಮಾತ್ರ ಸುಲಭವಲ್ಲ.

ನಾಲ್ಕನೆಯ ಹೆಜ್ಜೆ: ತಟ್ಟೆಯ ಆಕಾರ

ತಟ್ಟೆಯನ್ನು ಅಳೆಯಲು ಎರಡು ಮುಖ್ಯ ವಿಧಾನಗಳಿವೆ. ಒಂದು ಫೋಟೋಗ್ರಾಮೆಟ್ರಿ, ಇನ್ನೊಂದು ಮೈಕ್ರೊವೇವ್ ಹಾಲೋಗ್ರಫಿ. ಸಾಧ್ಯವಿದ್ದರೆ ಎರಡನ್ನೂ ಮಾಡಬೇಕು, ಏಕೆಂದರೆ ಮೊದಲನೆಯದು ಲೋಹವನ್ನು ಅಳೆಯುತ್ತದೆ, ಎರಡನೆಯದು ಅಲೆಯನ್ನು ಅಳೆಯುತ್ತದೆ.

ಫೋಟೋಗ್ರಾಮೆಟ್ರಿಗೆ ಪ್ಯಾನೆಲ್‌ಗಳ ಮೂಲೆಗಳಲ್ಲಿ ಬೆಳಕನ್ನು ಬಂದ ದಾರಿಯಲ್ಲೇ ಹಿಂತಿರುಗಿಸುವ ಸಣ್ಣ ಅಂಟುಬಿಲ್ಲೆಗಳನ್ನು ಹಚ್ಚಬೇಕು. ತಟ್ಟೆಯ ಬೇರೆಬೇರೆ ಕಡೆ ಉದ್ದ ಖಚಿತವಾಗಿ ಗೊತ್ತಿರುವ, ತಾಪಕ್ಕೆ ಹಿಗ್ಗದ ಕಾರ್ಬನ್ ನಾರಿನ ಅಳತೆಪಟ್ಟಿಗಳನ್ನು ಇಡಬೇಕು. ಇವಿಲ್ಲದೆ ಚಿತ್ರಗಳಿಂದ ಆಕಾರ ಸಿಕ್ಕೀತೇ ಹೊರತು ಗಾತ್ರ ಸಿಗುವುದಿಲ್ಲ. ಅನಂತರ ಕ್ರೇನಿನ ತೊಟ್ಟಿಲಿನಲ್ಲಿ ಕ್ಯಾಮೆರಾದೊಡನೆ ತಟ್ಟೆಯ ಅಂಚಿನ ಸುತ್ತ ಸಾಗುತ್ತ, ಒಂದೊಂದು ಬಿಲ್ಲೆಯೂ ನಾಲ್ಕಕ್ಕಿಂತ ಹೆಚ್ಚು ಕೋನಗಳಿಂದ ಕಾಣುವಂತೆ ಚಿತ್ರ ತೆಗೆಯಬೇಕು. ಕೆಲವು ಚಿತ್ರಗಳನ್ನು ಕ್ಯಾಮೆರಾವನ್ನು 90 ಡಿಗ್ರಿ ತಿರುಗಿಸಿ ತೆಗೆದರೆ ಲೆನ್ಸಿನ ಸ್ವಂತ ದೋಷವನ್ನು ಲೆಕ್ಕವೇ ಬೇರ್ಪಡಿಸಿಕೊಡುತ್ತದೆ. ವಸ್ತುವಿನ ಗಾತ್ರದ ಲಕ್ಷದ ಒಂದು ಭಾಗದಷ್ಟು ನಿಖರತೆ ಈ ವಿಧಾನಕ್ಕೆ ಸಾಧ್ಯವಿದ್ದು, 32 ಮೀಟರ್‌ಗೆ ಅದು 0.3 ಮಿಲಿಮೀಟರ್ ಆಗುತ್ತದೆ. ಕನಿಷ್ಠ ಮೂರು ಎಲಿವೇಷನ್‌ಗಳಲ್ಲಿ, ಅಂದರೆ ನೆತ್ತಿಯ ಕಡೆ, 45 ಡಿಗ್ರಿಯ ಸುತ್ತ ಮತ್ತು ದಿಗಂತದ ಹತ್ತಿರ, ಈ ಅಳತೆಯನ್ನು ಮಾಡದಿದ್ದರೆ ಗುರುತ್ವದ ಪಾಲು ಸಿಗುವುದಿಲ್ಲ. ಒಂದೇ ಕೋನದಲ್ಲಿ ಅಳೆದು ಪ್ಯಾನೆಲ್‌ಗಳನ್ನು ಸರಿಪಡಿಸಿದರೆ ತಟ್ಟೆ ಆ ಒಂದು ಕೋನದಲ್ಲಿ ಮಾತ್ರ ಸುಂದರವಾಗಿರುತ್ತದೆ.

ಬಂದ ಬಿಂದುಗಳಿಗೆ ಅತ್ಯಂತ ಹೊಂದುವ ಪರವಲಯ ಮೇಲ್ಮೈಯನ್ನು ಲೆಕ್ಕ ಹಾಕುವಾಗ ಆರು ಸಂಖ್ಯೆಗಳನ್ನು ಬಿಡುವಾಗಿಡಬೇಕು: ಶೃಂಗದ ಮೂರು ಸ್ಥಾನಾಂಕಗಳು, ಎರಡು ವಾಲುಗಳು, ಮತ್ತು ನಾಭಿದೂರ. ಇಲ್ಲಿ ಒಂದೇ ದತ್ತಾಂಶ ಎರಡಾಗಿ ಒಡೆಯುತ್ತದೆ. ಈ ಆರು ಸಂಖ್ಯೆಗಳು ಕಿರಣ ಎಷ್ಟು ತಿರುಗಿದೆ, ನಾಭಿ ಎಲ್ಲಿಗೆ ಸರಿದಿದೆ ಎಂಬುದನ್ನು ಹೇಳುತ್ತವೆ. ಇವುಗಳನ್ನು ಕಳೆದ ಮೇಲೆ ಉಳಿಯುವ ಏರುತಗ್ಗು ರೂಜ್ ಸೂತ್ರಕ್ಕೆ ಹೋಗುತ್ತದೆ. ಟ್ರ್ಯಾಕಿಂಗ್ ನಿಖರತೆಗೆ ಮೊದಲ ಭಾಗವೇ ಮುಖ್ಯವಾದರೂ ವರದಿಗಳಲ್ಲಿ ಸಾಮಾನ್ಯವಾಗಿ ಎರಡನೆಯದನ್ನು ಮಾತ್ರ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಅಲೆಯನ್ನು ಕಳುಹಿಸುವ, ಪಡೆಯುವ ಫೀಡ್ ಇದ್ದಲ್ಲೇ ಇದ್ದು ತಟ್ಟೆ ಮಾತ್ರ ವಾಲಿದರೆ ಕಿರಣ ಕನ್ನಡಿಯ ಬೆಳಕಿನಂತೆ ವಾಲಿನ ಎರಡು ಪಟ್ಟಿಗೆ ಹತ್ತಿರದಷ್ಟು ತಿರುಗುತ್ತದೆ ಎಂಬುದು ನೆನಪಿರಲಿ.

ತಟ್ಟೆ ಬಾಗುವುದೇ ತಪ್ಪು ಎಂದು ತಿಳಿಯಬೇಕಾಗಿಲ್ಲ. ಬಾಗಿದರೂ ಪ್ರತಿ ಕೋನದಲ್ಲೂ ಒಂದಲ್ಲ ಒಂದು ಪರವಲಯವಾಗಿಯೇ ಉಳಿಯುವಂತೆ ಜಂತಿಗಳನ್ನು ಜೋಡಿಸಬಹುದು ಎಂದು ಸೆಬಾಸ್ಟಿಯನ್ ಫೋನ್ ಹೋರ್ನರ್ 1967ರಲ್ಲಿ ತೋರಿಸಿದರು; ಜರ್ಮನಿಯ ಎಫೆಲ್ಸ್‌ಬರ್ಗ್‌ನ 100 ಮೀಟರ್ ದೂರದರ್ಶಕ ಇದೇ ತತ್ತ್ವವನ್ನು ಆಧರಿಸಿದೆ. ಅಲ್ಲಿ ಬದಲಾದ ನಾಭಿಯನ್ನು ಹಿಂಬಾಲಿಸಿ ಫೀಡ್ ಅಥವಾ ಉಪಪ್ರತಿಫಲಕವನ್ನು ಸರಿಸಿದರೆ ಸಾಕಾಗುತ್ತದೆ. ಅಮೆರಿಕದ ಗ್ರೀನ್ ಬ್ಯಾಂಕ್‌ನ ದೊಡ್ಡ ರೇಡಿಯೊ ದೂರದರ್ಶಕದಲ್ಲಿ ಇನ್ನೂ ಮುಂದೆ ಹೋಗಿ 2,004 ಪ್ಯಾನೆಲ್‌ಗಳ ಮೂಲೆಗಳಲ್ಲಿ 2,209 ಚಾಲಕಗಳನ್ನು ಕೂರಿಸಿ ಮೇಲ್ಮೈಯನ್ನೇ ತಿದ್ದುತ್ತಾರೆ.

ಹಾಲೋಗ್ರಫಿಯಲ್ಲಿ ಭೂಸ್ಥಿರ ಉಪಗ್ರಹದ ಬೀಕನ್ ಸಂಕೇತವನ್ನು ಬಳಸುತ್ತಾರೆ. ಪಕ್ಕದಲ್ಲಿ ಉಪಗ್ರಹವನ್ನೇ ನೋಡುತ್ತ ಅಲುಗಾಡದೆ ನಿಂತ ಸಣ್ಣ ಆಂಟೆನಾವೊಂದನ್ನು ಆಧಾರವಾಗಿಟ್ಟುಕೊಂಡು, ದೊಡ್ಡ ಆಂಟೆನಾವನ್ನು ಉಪಗ್ರಹದ ಸುತ್ತ ಸಾಲುಸಾಲಾಗಿ ಉಳುವಂತೆ ಚಲಿಸಿ, ಪ್ರತಿ ಬಿಂದುವಿನಲ್ಲಿ ಸಂಕೇತದ ಬಲವನ್ನೂ ಹಂತವನ್ನೂ (ಫೇಸ್) ದಾಖಲಿಸುತ್ತಾರೆ. ಈ ನಕ್ಷೆಯ ಫೋರಿಯರ್ ರೂಪಾಂತರವೇ ತಟ್ಟೆಯ ಮೇಲಿನ ಹಂತದ ನಕ್ಷೆ. 12 ಗಿಗಾಹರ್ಟ್ಸ್‌ನಲ್ಲಿ ಹಂತ 1 ಡಿಗ್ರಿ ಕದಲಿದರೆ ಮೇಲ್ಮೈ 0.035 ಮಿಲಿಮೀಟರ್ ಕದಲಿದೆ ಎಂದರ್ಥ. ತಟ್ಟೆಯ ಮೇಲೆ ಅರ್ಧ ಮೀಟರ್ ವಿವರ ಬೇಕಾದರೆ 64ಕ್ಕೆ 64 ಬಿಂದುಗಳ ಜಾಲ ಬೇಕು. ಅದು ಆಕಾಶದಲ್ಲಿ ಸುಮಾರು 3 ಡಿಗ್ರಿ ಅಗಲದ ಚೌಕವಾಗುತ್ತದೆ. ಬಿಂದುವಿಗೆ 2 ಸೆಕೆಂಡ್ ಹಿಡಿದರೂ ಎರಡೂಕಾಲು ಗಂಟೆಯ ಕೆಲಸ. ಅಷ್ಟರಲ್ಲಿ ತಾಪ ಬದಲಾಗುತ್ತದೆ, ಉಪಗ್ರಹವೂ ತನ್ನ ಪೆಟ್ಟಿಗೆಯೊಳಗೆ ಸ್ವಲ್ಪ ಸರಿದಿರುತ್ತದೆ. ಆದ್ದರಿಂದ ಪ್ರತಿ ಸಾಲಿನ ಕೊನೆಗೆ ಕಿರಣವನ್ನು ಉಪಗ್ರಹದ ನಡುವಿಗೆ ತಂದು ಸರಿನೋಡಿಕೊಂಡು ಮುಂದೆ ಹೋಗಬೇಕು.

ನಮ್ಮ ಭಾಗದವರಿಗೆ ಇಲ್ಲಿ ಒಂದು ತೊಡಕಿದೆ. ಬೆಂಗಳೂರು ಭೂಮಧ್ಯರೇಖೆಯಿಂದ 13 ಡಿಗ್ರಿಯಷ್ಟೇ ದೂರ ಇರುವುದರಿಂದ ನಮ್ಮ ಭೂಸ್ಥಿರ ಉಪಗ್ರಹಗಳು ತೀರ ಎತ್ತರದಲ್ಲಿ ಕಾಣುತ್ತವೆ. 83 ಡಿಗ್ರಿ ಪೂರ್ವದಲ್ಲಿರುವ ಉಪಗ್ರಹ ಸುಮಾರು 73 ಡಿಗ್ರಿ ಎತ್ತರದಲ್ಲಿದೆ. ಅಲ್ಲಿ ಸಿಕ್ಕ ಹಾಲೋಗ್ರಫಿ ನಕ್ಷೆ ತಟ್ಟೆ ದಿಗಂತದ ಕಡೆ ವಾಲಿದಾಗ ಏನಾಗುತ್ತದೆ ಎಂಬುದನ್ನು ಹೇಳುವುದಿಲ್ಲ, ರೇಡಾರ್‌ಗೋ ಗುರಿ ಮೊದಲು ಕಾಣುವುದೇ ದಿಗಂತದಲ್ಲಿ. ಪೂರ್ವಕ್ಕೋ ಪಶ್ಚಿಮಕ್ಕೋ ದೂರ ಇದ್ದು ಇಲ್ಲಿಂದ ತಗ್ಗಿನಲ್ಲಿ ಕಾಣುವ ಉಪಗ್ರಹವನ್ನು ಹುಡುಕಿಕೊಳ್ಳಬೇಕು, ಇಲ್ಲವಾದರೆ ಆ ಕೋನಕ್ಕೆ ಫೋಟೋಗ್ರಾಮೆಟ್ರಿಯನ್ನೇ ನೆಚ್ಚಬೇಕು.

ಐದನೆಯ ಹೆಜ್ಜೆ: ಉಪಪ್ರತಿಫಲಕ

ಇದನ್ನು ಚಿಕ್ಕದಾಗಿ ಹೇಳಬಹುದು. 10 ಮೀಟರ್ ನಾಭಿದೂರದ ತಟ್ಟೆಯಲ್ಲಿ ಉಪಪ್ರತಿಫಲಕ ಅಡ್ಡಲಾಗಿ 1 ಮಿಲಿಮೀಟರ್ ಜಾರಿದರೆ ಕಿರಣ ಸ್ಥೂಲವಾಗಿ 15ರಿಂದ 20 ಆರ್ಕ್‌ಸೆಕೆಂಡ್ ತಿರುಗುತ್ತದೆ. ತಟ್ಟೆಯ ನಡುವೆ ಬಿಗಿದ, ಲೇಸರ್ ಕಿರಣದಿಂದ ದೂರ ಮತ್ತು ಕೋನವನ್ನು ಅಳೆಯುವ ಲೇಸರ್ ಟ್ರ್ಯಾಕರ್‌ನಿಂದ ಉಪಪ್ರತಿಫಲಕದ ಅಂಚಿನ ಮೂರು ಪ್ರತಿಫಲಕ ಗುಂಡುಗಳನ್ನು 10 ಡಿಗ್ರಿಗೊಮ್ಮೆ ಅಳೆಯುತ್ತ ನೆತ್ತಿಯಿಂದ ದಿಗಂತದವರೆಗೆ ಇಳಿದರೆ ಜಾರಿಕೆ ಮತ್ತು ವಾಲು ಎರಡೂ ಸಿಗುತ್ತವೆ. ಟ್ರ್ಯಾಕರ್ ವಾಲಿದ ಸ್ಥಿತಿಯಲ್ಲಿ ಕೆಲಸ ಮಾಡಬಲ್ಲುದೇ ಎಂದು ಮೊದಲೇ ಖಚಿತಪಡಿಸಿಕೊಳ್ಳಬೇಕು. ಕೆಲವು ಮಾದರಿಗಳಿಗೆ ಅದು ಆಗದು. ಆಗದಿದ್ದರೆ ತಟ್ಟೆಯ ನಡುವಿನಿಂದ ಮೇಲೆ ನೋಡುವ ಸ್ಥಿರ ಕ್ಯಾಮೆರಾ ಮತ್ತು ಉಪಪ್ರತಿಫಲಕದ ಮೇಲೊಂದು ದೀಪ ಸಾಕು, ಅಡ್ಡ ಜಾರಿಕೆಯನ್ನು ಅದು ಚೆನ್ನಾಗಿಯೇ ತೋರಿಸುತ್ತದೆ.

ಆರನೆಯ ಹೆಜ್ಜೆ: ಶಾಖ

ಉಕ್ಕು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಮೀಟರಿಗೆ 12 ಮೈಕ್ರೊಮೀಟರ್ ಹಿಗ್ಗುತ್ತದೆ. 15 ಮೀಟರ್ ಎತ್ತರದ ಗೋಪುರದ ಪೂರ್ವದ ಕಾಲುಗಳು ಬೆಳಗಿನ ಬಿಸಿಲಿಗೆ ಪಶ್ಚಿಮದವುಗಳಿಗಿಂತ 5 ಡಿಗ್ರಿ ಹೆಚ್ಚು ಬಿಸಿಯಾದವೆನ್ನಿ. ಅವು 0.9 ಮಿಲಿಮೀಟರ್ ಉದ್ದವಾಗುತ್ತವೆ. ಕಾಲುಗಳ ನಡುವಿನ ಅಂತರ 16 ಮೀಟರ್ ಇದ್ದರೆ ಅದರ ಮೇಲಿನ ಅಕ್ಷ 11.6 ಆರ್ಕ್‌ಸೆಕೆಂಡ್ ಪಶ್ಚಿಮಕ್ಕೆ ವಾಲುತ್ತದೆ. 32 ಗಿಗಾಹರ್ಟ್ಸ್‌ನ 7 ಆರ್ಕ್‌ಸೆಕೆಂಡ್ ಬಂಡವಾಳ ಸೂರ್ಯ ಹುಟ್ಟಿದ ಎರಡು ಗಂಟೆಯೊಳಗೇ ಮುಗಿದುಹೋಯಿತು.

ಆದ್ದರಿಂದ ತಾಪ ಸಂವೇದಕಗಳನ್ನು ಗೋಪುರದ ಪ್ರತಿ ಕಾಲಿಗೆ ಮೂರು ಎತ್ತರಗಳಲ್ಲಿ, ತಟ್ಟೆಯ ಬೆನ್ನಿನ ಜಂತಿಗಳ ಮೇಲಿನ ಪದರದಲ್ಲೂ ಕೆಳಗಿನ ಪದರದಲ್ಲೂ, ಉಪಪ್ರತಿಫಲಕದ ಪ್ರತಿ ಕಾಲಿನಲ್ಲೂ ಅಂಟಿಸಬೇಕು. ಸಂವೇದಕದ ಮೇಲೆ ನಿರೋಧಕ ಹೊದಿಕೆ ಇಲ್ಲದಿದ್ದರೆ ಅದು ಉಕ್ಕಿನ ಬದಲು ಗಾಳಿಯ ತಾಪವನ್ನು ತೋರಿಸುತ್ತದೆ. ಒಂದು ನಿಮಿಷಕ್ಕೊಮ್ಮೆ ದಾಖಲೆ, ಕನಿಷ್ಠ ಎರಡು ಹಗಲು ಎರಡು ರಾತ್ರಿ. ಅದರ ಜೊತೆಗೇ ಟಿಲ್ಟ್‌ಮೀಟರ್ ಓಡುತ್ತಿರಲಿ, ಆಂಟೆನಾ ಕದಲದಿರಲಿ. ತೆಳುವಾದ ಜಂತಿಗಳು ಹತ್ತಾರು ನಿಮಿಷಗಳಲ್ಲಿ, ದಪ್ಪ ಪೆಟ್ಟಿಗೆತೊಲೆಗಳು ಗಂಟೆಗಳಲ್ಲಿ ಬಿಸಿಯಾಗುವುದರಿಂದ ವಾಲು ತಾಪದ ಹಿಂದೆಯೇ ಬರದೆ ತಡವಾಗಿ ಬರುವಂತೆ ಕಂಡೀತು. ರಚನೆಯ ಕಂಪ್ಯೂಟರ್ ಮಾದರಿ ಇದ್ದರೆ ಪ್ರತಿ ಸಂವೇದಕದ 1 ಡಿಗ್ರಿಗೆ ಎಷ್ಟು ವಾಲು ಎಂಬ ಕೋಷ್ಟಕವನ್ನು ಅದರಿಂದಲೇ ತೆಗೆಯಬಹುದು, ಅಳತೆಯಿಂದ ಅದನ್ನು ಒರೆಗೆ ಹಚ್ಚಬಹುದು. ಹೇಸ್ಟಾಕ್‌ನಂತೆ ಗುಮ್ಮಟದೊಳಗೆ ಕುಳಿತ ಆಂಟೆನಾಕ್ಕೆ ನೇರ ಬಿಸಿಲಿಲ್ಲ, ಗಾಳಿಯ ಹೊಡೆತವೂ ಇಲ್ಲ. ಆದರೆ ಒಳಗಿನ ಬಿಸಿಗಾಳಿ ಮೇಲೇರಿ ಪದರಪದರವಾಗಿ ನಿಲ್ಲುವುದರಿಂದ ಅಲ್ಲಿಯೂ ಸಂವೇದಕಗಳನ್ನು ಬಿಡುವಂತಿಲ್ಲ.

ಏಳನೆಯ ಹೆಜ್ಜೆ: ಆಕಾಶದ ಪರೀಕ್ಷೆ

ಇಲ್ಲಿಯವರೆಗಿನ ಅಳತೆಗಳು ಬಿಡಿಬಿಡಿಯಾದವು. ಎಲ್ಲ ಸೇರಿ ಕಿರಣ ನಿಜವಾಗಿ ಎತ್ತ ಹೋಗುತ್ತದೆ ಎಂಬುದನ್ನು ಆಕಾಶದಲ್ಲಿ ಸ್ಥಾನ ಖಚಿತವಾಗಿ ಗೊತ್ತಿರುವ ರೇಡಿಯೊ ಮೂಲಗಳೇ ಹೇಳಬೇಕು. ಮೂಲದ ಮೇಲೆ ಅಜಿಮತ್‌ನಲ್ಲಿ ಒಮ್ಮೆ, ಎಲಿವೇಷನ್‌ನಲ್ಲಿ ಒಮ್ಮೆ ಶಿಲುಬೆಯಾಕಾರದಲ್ಲಿ ಕಿರಣವನ್ನು ಹಾಯಿಸಿ, ಸಿಕ್ಕ ಗುಡ್ಡದಾಕಾರದ ರೇಖೆಯ ತುದಿಯನ್ನು ಲೆಕ್ಕ ಹಾಕಿದರೆ ಆ ದಿಕ್ಕಿನ ತಪ್ಪು ಗೊತ್ತಾಗುತ್ತದೆ. ಪ್ರಖರವಾಗಿದೆ ಎಂಬ ಒಂದೇ ಕಾರಣಕ್ಕೆ ಕ್ಯಾಸಿಯೋಪಿಯಾ-ಎ ಅಥವಾ ಟಾರಸ್-ಎ ಮೂಲಗಳನ್ನು ಆರಿಸಿಕೊಳ್ಳುವುದು ದೊಡ್ಡ ತಟ್ಟೆಗಳಲ್ಲಿ ಸಾಮಾನ್ಯವಾದ ತಪ್ಪು. ಅವುಗಳ ಹರಹು 5 ಆರ್ಕ್‌ನಿಮಿಷದ ಆಸುಪಾಸಿನಲ್ಲಿದ್ದು 8.4 ಗಿಗಾಹರ್ಟ್ಸ್‌ನಲ್ಲಿ ನಮ್ಮ ಕಿರಣದಷ್ಟೇ ಅಗಲವಾಗುವುದರಿಂದ ತುದಿ ಎಲ್ಲಿ ಎಂಬುದೇ ಮಸುಕಾಗುತ್ತದೆ. 3ಸಿ 273, 3ಸಿ 84 ಮುಂತಾದ ಕಿರಿದಾದ ಮೂಲಗಳು ಬಲದಲ್ಲಿ ಕಡಿಮೆಯಾದರೂ ಈ ಕೆಲಸಕ್ಕೆ ಮೇಲು.

ನೂರು ನೂರೈವತ್ತು ಬಿಂದುಗಳಾದರೂ ಬೇಕು. ಅವುಗಳ ಅನುಕ್ರಮದ ಬಗ್ಗೆ ಒತ್ತಿ ಹೇಳಬೇಕಾಗಿದೆ. ಒಂದೇ ಮೂಲವನ್ನು ಹುಟ್ಟಿನಿಂದ ಮುಳುಗಿನವರೆಗೆ ಹಿಂಬಾಲಿಸುವುದು ಸುಲಭ, ಆದ್ದರಿಂದಲೇ ಎಲ್ಲರೂ ಹಾಗೆ ಮಾಡುತ್ತಾರೆ. ಆದರೆ ಆಗ ಎಲಿವೇಷನ್ ಏರುತ್ತ ಹೋದಂತೆ ಹೊತ್ತೂ ಏರುತ್ತದೆ, ತಾಪವೂ ಏರುತ್ತದೆ. ಕೊನೆಗೆ ಸಿಕ್ಕ ಬಾಗು ಗುರುತ್ವದ್ದೋ ಶಾಖದ್ದೋ ಎಂದು ಬ್ರಹ್ಮನೂ ಹೇಳಲಾರ. ಪೂರ್ವದ ತಗ್ಗಿನ ಮೂಲದಿಂದ ಪಶ್ಚಿಮದ ಎತ್ತರದ ಮೂಲಕ್ಕೆ, ಅಲ್ಲಿಂದ ಉತ್ತರಕ್ಕೆ ಎಂದು ಚೆಲ್ಲಾಪಿಲ್ಲಿಯಾಗಿ ಜಿಗಿಯಬೇಕು. ಆಂಟೆನಾ ತಿರುಗುವ ಸಮಯ ವ್ಯರ್ಥವಾಗುತ್ತದೆ, ಆಗಲಿ.

ತಪ್ಪುಗಳಿಗೆ ಹೊಂದಿಸುವ ಮಾದರಿಯಲ್ಲಿ ಪ್ರತಿ ಪದಕ್ಕೂ ಒಂದು ಭೌತಿಕ ಕಾರಣವಿರಬೇಕು: ಎರಡು ಎನ್‌ಕೋಡರ್‌ಗಳ ಸೊನ್ನೆದೋಷ, ಅಜಿಮತ್ ಅಕ್ಷದ ವಾಲು ಎರಡು ದಿಕ್ಕಿಗೆ, ಅಕ್ಷಗಳ ನಡುವಿನ ಕೋನ 90 ಡಿಗ್ರಿ ಇಲ್ಲದಿರುವುದು, ಕಿರಣ ಎಲಿವೇಷನ್ ಅಕ್ಷಕ್ಕೆ ಲಂಬವಾಗಿಲ್ಲದಿರುವುದು, ಮತ್ತು ಎಲಿವೇಷನ್‌ನ ಕೊಸೈನ್‌ನಂತೆ ಬದಲಾಗುವ ಗುರುತ್ವದ ಬಾಗು. ಉಳಿಕೆ ತಪ್ಪು ಕಡಿಮೆಯಾಗುತ್ತದೆ ಎಂಬ ಆಸೆಗೆ ಹೆಸರಿಲ್ಲದ ಪದಗಳನ್ನು ಸೇರಿಸುತ್ತ ಹೋದರೆ ಆ ರಾತ್ರಿಯ ದತ್ತಾಂಶಕ್ಕೆ ಮಾತ್ರ ಹೊಂದುವ ಮಾದರಿ ಸಿಗುತ್ತದೆ. ಇಲ್ಲಿಯೇ ಮೂರನೆಯ ಹೆಜ್ಜೆಯ ದುಡಿಮೆ ಕೈಹಿಡಿಯುತ್ತದೆ. ಟಿಲ್ಟ್‌ಮೀಟರ್ ಹೇಳಿದ ಅಕ್ಷದ ವಾಲೂ ಆಕಾಶದಿಂದ ಬಂದ ವಾಲೂ ಒಂದೆರಡು ಆರ್ಕ್‌ಸೆಕೆಂಡ್‌ಗಳೊಳಗೆ ಹೊಂದಿದರೆ ಮಾದರಿಯನ್ನು ನಂಬಬಹುದು. ಹೊಂದದಿದ್ದರೆ ಯಾವುದೋ ಒಂದು ಪದ ಇನ್ನೊಂದರ ವೇಷ ಹಾಕಿಕೊಂಡಿದೆ.

ವಾಯುಮಂಡಲದ ವಕ್ರೀಭವನವನ್ನು ಮೊದಲೇ ಕಳೆದಿರಬೇಕು. 45 ಡಿಗ್ರಿಯಲ್ಲಿಯೇ ಅದು ಒಂದು ಆರ್ಕ್‌ನಿಮಿಷದಷ್ಟಿದ್ದು ದಿಗಂತದ ಕಡೆಗೆ ವೇಗವಾಗಿ ಬೆಳೆಯುತ್ತದೆ. ರೇಡಿಯೊ ಅಲೆಗಳಿಗೆ ಗಾಳಿಯ ತೇವಾಂಶವೂ ಲೆಕ್ಕಕ್ಕೆ ಬರುವುದರಿಂದ ಮಳೆಗಾಲದ ಬೆಲೆಯನ್ನು ಬೇಸಿಗೆಗೆ ಬಳಸುವಂತಿಲ್ಲ. ತಟ್ಟೆಯ ಬೆನ್ನಿನ ಗಟ್ಟಿ ಭಾಗಕ್ಕೆ ಸಣ್ಣ ದೃಗ್ದೂರದರ್ಶಕವನ್ನು ಬಿಗಿದು ನಕ್ಷತ್ರಗಳನ್ನೂ ಅಳೆದರೆ ಒಳ್ಳೆಯ ಬೇರ್ಪಡಿಕೆ ಸಿಗುತ್ತದೆ: ನಕ್ಷತ್ರಗಳ ತಪ್ಪು ಬುಡ ಮತ್ತು ಅಕ್ಷಗಳದ್ದು, ವಕ್ರೀಭವನದ ವ್ಯತ್ಯಾಸವನ್ನು ಕಳೆದ ಮೇಲೆ ರೇಡಿಯೊದಲ್ಲಿ ಹೆಚ್ಚುವರಿಯಾಗಿ ಕಂಡದ್ದು ತಟ್ಟೆ, ಉಪಪ್ರತಿಫಲಕ ಮತ್ತು ಫೀಡಿನದ್ದು.

ಎಂಟನೆಯ ಹೆಜ್ಜೆ: ತಿದ್ದುಪಡಿ ಮತ್ತು ಮರುಪರೀಕ್ಷೆ

ಮರುಕಳಿಸುವ ಪದಗಳನ್ನು ನಿಯಂತ್ರಣ ಕಂಪ್ಯೂಟರಿನ ಕೋಷ್ಟಕಕ್ಕೆ ಹಾಕಿ, ಶಾಖದ ತಿದ್ದುಪಡಿಯನ್ನು ಸಂವೇದಕಗಳಿಂದ ಆಗಿಂದಾಗ ಲೆಕ್ಕ ಹಾಕಿಸಬೇಕು. ಗಾಳಿಗೆ ಮಾತ್ರ ಪೂರ್ತಿ ಔಷಧವಿಲ್ಲ. ನಿಧಾನವಾಗಿ ಒತ್ತುವ ಗಾಳಿಯನ್ನು ಟಿಲ್ಟ್‌ಮೀಟರ್ ಹಿಡಿಯುತ್ತದೆ, ಬೀಸಿ ಬೀಸಿ ಬರುವ ಗಾಳಿಯನ್ನು ತಟ್ಟೆಯ ಅಂಚಿನ ವೇಗೋತ್ಕರ್ಷಮಾಪಕಗಳು ಹಿಡಿಯುತ್ತವೆ. ರಚನೆಯ ಸ್ವಂತ ಕಂಪನದ ಆವರ್ತನಕ್ಕೆ ಸರ್ವೋ ಸಮೀಪಿಸಿದರೆ ತಿದ್ದುವ ಬದಲು ತಾನೇ ಅಲುಗಾಡಿಸತೊಡಗುತ್ತದೆ. ಇಂತಿಷ್ಟು ಗಾಳಿಗಿಂತ ಹೆಚ್ಚಿದ್ದಾಗ ಬಂದ ಕೋನಮಾಪನಕ್ಕೆ ಕಡಿಮೆ ತೂಕ ಕೊಡುವುದೇ ಪ್ರಾಮಾಣಿಕ ದಾರಿ.

ಕೊನೆಯ ಒರೆಗಲ್ಲು ಚಲಿಸುವ ಗುರಿ. ಲೇಸರ್ ದೂರಮಾಪನದಿಂದ ಕಕ್ಷೆ ಸೆಂಟಿಮೀಟರುಗಳ ಮಟ್ಟದಲ್ಲಿ ತಿಳಿದಿರುವ ಉಪಗ್ರಹಗಳನ್ನು, ಮಾದರಿ ಕಟ್ಟುವಾಗ ಬಳಸದೇ ಇದ್ದ ರಾತ್ರಿಗಳಲ್ಲಿ ಮತ್ತು ಹಗಲುಗಳಲ್ಲಿ ಹಿಂಬಾಲಿಸಿ, ರೇಡಾರ್ ಹೇಳಿದ ಕೋನವನ್ನು ಕಕ್ಷೆ ಹೇಳಿದ ಕೋನದಿಂದ ಕಳೆಯಬೇಕು. ಉಳಿಕೆಯನ್ನು ಎಲಿವೇಷನ್, ಅಜಿಮತ್, ಹೊತ್ತು ಮತ್ತು ಚಲನೆಯ ವೇಗ, ಈ ನಾಲ್ಕರ ಎದುರೂ ಬೇರೆಬೇರೆಯಾಗಿ ಗುರುತಿಸಿ ನೋಡಬೇಕು. ಹೊತ್ತಿನ ಎದುರು ಆಕಾರ ಕಂಡರೆ ಶಾಖದ ಸಂವೇದಕಗಳ ಕಡೆ, ಅಜಿಮತ್ ಎದುರು ಕಂಡರೆ ಹಳಿಯ ಕಡೆ, ವೇಗದ ಎದುರು ಕಂಡರೆ ಸರ್ವೋ ಅಥವಾ ಕಾಲಸೂಚಕದ ಕಡೆ ನಡೆಯಬೇಕು. ಗಡಿಯಾರ 10 ಮಿಲಿಸೆಕೆಂಡ್ ತಪ್ಪಿದ್ದರೆ ಸೆಕೆಂಡಿಗೆ ಅರ್ಧ ಡಿಗ್ರಿ ಚಲಿಸುವ ಉಪಗ್ರಹ 18 ಆರ್ಕ್‌ಸೆಕೆಂಡ್ ತಪ್ಪಾಗಿ ಕಾಣುತ್ತದೆ. ಅದನ್ನು ಉಕ್ಕಿನ ತಲೆಗೆ ಕಟ್ಟಿ ಪ್ಯಾನೆಲ್ ಬಿಗಿಯಲು ಹೋದವರೂ ಇದ್ದಾರೆ.

ಹಳಿಯ ಕೆಳಗಿನ ಗಾರೆ ದುರಸ್ತಿಯಾದಾಗ, ಬೇರಿಂಗ್ ಬದಲಾದಾಗ, ತಟ್ಟೆಗೆ ಹೊಸ ಬಣ್ಣ ಬಳಿದಾಗ, ಫೀಡ್ ಬಿಚ್ಚಿ ಕೂರಿಸಿದಾಗ ಮೂರನೆಯ ಮತ್ತು ಏಳನೆಯ ಹೆಜ್ಜೆಗಳನ್ನು ಮತ್ತೆ ಮಾಡಬೇಕು. ಏನೂ ಬದಲಾಗದಿದ್ದರೂ ವರ್ಷಕ್ಕೆ ಎರಡು ಸಲ, ಬೇಸಿಗೆಯಲ್ಲೊಮ್ಮೆ ಮಳೆಗಾಲ ಮುಗಿದ ಮೇಲೊಮ್ಮೆ. ಪ್ರತಿ ಸಲವೂ ಗುಣಾಂಕಗಳ ಜೊತೆಗೆ ಮೂಲ ಅಂಕಿಗಳನ್ನೂ, ಆ ಹೊತ್ತಿನ ತಾಪ ಮತ್ತು ಗಾಳಿಯ ದಾಖಲೆಯನ್ನೂ ಸೇರಿಸಿಡಬೇಕು. ಅಕ್ಷದ ವಾಲು ವರ್ಷದಿಂದ ವರ್ಷಕ್ಕೆ ಒಂದೇ ದಿಕ್ಕಿಗೆ ಬೆಳೆಯುತ್ತಿರುವುದು ಕಂಡರೆ ಕೋಷ್ಟಕವನ್ನು ತಿದ್ದುವುದಕ್ಕೆ ಮೊದಲು ಸಿವಿಲ್ ಎಂಜಿನಿಯರರನ್ನು ಕರೆಸಿ ಅಡಿಪಾಯವನ್ನು ತೋರಿಸಬೇಕು.